ಬಿಸಿಲೂರಿನಲ್ಲಿ ಸುಮ್ಮನೆ ನಡೆಯಬಾರದು

ಬೇಸಿಗೆಯಲ್ಲಿ ನಿಸರ್ಗದ ನಡುವೆ ನಡೆದಾಡಿ, ಮನಸ್ಸು ಅರಳುತ್ತದೆ, ಸ್ಫೂರ್ತಿ ಉಕ್ಕುತ್ತದೆ ಎಂದು ಪತ್ರಿಕೆಗಳಲ್ಲಿ ಬರೆಯುವವರೆಲ್ಲ ಮಡಿಕೇರಿ ಕಡೆಯವರೋ ಶೃಂಗೇರಿ ಕಡೆಯವರೋ ಆಗಿರುತ್ತಾರೆ. ಅವರ ಮೇಲೆ ನನಗೆ ಸಿಟ್ಟೇನೂ ಇಲ್ಲ. ನೆರಳಿನಲ್ಲಿ ಹುಟ್ಟಿದ್ದು ಅವರ ತಪ್ಪೇ? ಆದರೆ ಅದೇ ಲೇಖನವನ್ನು ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ ಆದವಾನಿಯ ರೈಲ್ವೆ ಸ್ಟೇಷನ್ನಿನ ಹೊರಗೆ ನಿಂತು ಗಟ್ಟಿಯಾಗಿ ಓದಲಿ ಎಂಬುದಷ್ಟೇ ನನ್ನ ಆಸೆ. ಎರಡನೇ ಪ್ಯಾರಾಕ್ಕೆ ಬರುವಷ್ಟರಲ್ಲಿ ಯಾರಾದರೂ ಪುಣ್ಯಾತ್ಮರು ಕೈಗೆ ಮಜ್ಜಿಗೆ ಕೊಟ್ಟು ನೆರಳಿಗೆ ಎಳೆದುಕೊಂಡು ಹೋಗಿರುತ್ತಾರೆ.

ನಮ್ಮ ಕಡೆ ತಾಪಮಾನ 42 ಡಿಗ್ರಿ ಮುಟ್ಟಿದರೆ ಅದು ಸುದ್ದಿಯಲ್ಲ. ಮುಟ್ಟದಿದ್ದರೆ ಸುದ್ದಿ. ‘ಈ ವರ್ಷ ಯಾಕೋ ಕಾಲ ಕೆಟ್ಟೈತಪ್ಪ, ಬಿಸಿಲೇ ಇಲ್ಲ’ ಎಂದು ಕಟ್ಟೆಯ ಮೇಲಿನ ಹಿರಿಯರು ಚಿಂತೆಗೆ ಬೀಳುತ್ತಾರೆ. ಮೇ ಕೊನೆಯ ವಾರದಲ್ಲಿ ರೋಹಿಣಿ ಹುಟ್ಟುತ್ತದೆ. ರೋಹಿಣಿ ಕಾರ್ತೆಯಲ್ಲಿ ಒರಳುಕಲ್ಲೂ ಬಿರಿಯುತ್ತದೆ ಎನ್ನುತ್ತಾರೆ ನಮ್ಮ ಓಣಿಯ ತೆಲುಗರು. ರೋಹಿಣಿ ಮಳೆ ಹೊಯ್ದರೆ ಓಣಿಯೆಲ್ಲ ಜೋಳ ಎನ್ನುತ್ತಾರೆ ಅದೇ ಓಣಿಯ ಕನ್ನಡಿಗರು. ಒಬ್ಬರಿಗೆ ಕಲ್ಲು ಒಡೆಯುವ ಚಿಂತೆ, ಇನ್ನೊಬ್ಬರಿಗೆ ಜೋಳದ ಲೆಕ್ಕ. ಎರಡೂ ಮಾತು ಬಲ್ಲ ನಾವು ಒರಳುಕಲ್ಲನ್ನು ಒಳಗೆ ಸರಿಸಿ, ಖಾಲಿ ಚೀಲಗಳನ್ನು ಹೊರಗೆ ಕೊಡವುತ್ತೇವೆ. ಯಾವುದು ಮೊದಲು ನಿಜವಾಗುತ್ತದೋ ಯಾರು ಬಲ್ಲರು?

ಹಾಗೆ ನೋಡಿದರೆ ಹಸಿರು ನಮ್ಮ ಕೈತಪ್ಪಿದ್ದು ಎರಡು ಕಂತಿನಲ್ಲಿ. ಮೊದಲ ಕಂತು 1953ರ ಅಕ್ಟೋಬರ್ 1. ಅಂದು ಆಂಧ್ರ ರಾಜ್ಯ ಹುಟ್ಟಿತು. ಬಳ್ಳಾರಿ ಜಿಲ್ಲೆಯಲ್ಲಿದ್ದ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಈಚೆಗೆ ಬಂದವು. ಸಂಡೂರಿನ ಕಾಡು, ಹೊಸಪೇಟೆಯ ಬಾಳೆತೋಟ, ಹಂಪಿಯ ಹೊಳೆದಂಡೆ ಆಚೆಗೆ ಉಳಿದವು. ಹೋಗಲಿ, ಕರ್ನೂಲು ಜಿಲ್ಲೆಗೆ ಸೇರಿದೆವಲ್ಲ, ನಲ್ಲಮಲ ಕಾಡಾದರೂ ನಮ್ಮದೇ ಎಂದು ಎದೆಯುಬ್ಬಿಸಿಕೊಂಡು ತಿರುಗಿದ್ದೆವು. 2022ರ ಏಪ್ರಿಲ್ 4ರಂದು ಎರಡನೇ ಕಂತು ಬಂತು. ನಂದ್ಯಾಲ ಬೇರೆ ಜಿಲ್ಲೆಯಾಯಿತು. ನಲ್ಲಮಲ, ಶ್ರೀಶೈಲ, ಅಹೋಬಲ, ಬೆಳುಂ ಗುಹೆ ಎಲ್ಲ ಅವರ ಪಾಲು. ನಮ್ಮ ಪಾಲಿಗೆ ಬಂದದ್ದು ಕಲ್ಲುಗುಡ್ಡ, ಎರೆಹೊಲ, ಜಾಲಿಮುಳ್ಳು, ಮತ್ತೆ ಯಾರೂ ತಕರಾರು ಮಾಡದ ಬಿಸಿಲು. ಮಂತ್ರಾಲಯದ ರಾಯರೊಬ್ಬರು ನಮ್ಮಲ್ಲೇ ಉಳಿದರು ಎಂಬುದೇ ಸಮಾಧಾನ.

ಇಂಥ ಊರಿಗೆ ಬೇಸಿಗೆ ರಜೆಯಲ್ಲಿ ಬೆಂಗಳೂರಿನ ಅಳಿಯಂದಿರು ಬರುತ್ತಾರೆ. ನನ್ನ ಅಕ್ಕನ ಮಗನೂ ಬಂದಿದ್ದಾನೆ. ಬರುವಾಗ ಎರಡು ಜೊತೆ ಬೂಟು, ನೀರು ಕುಡಿಯಲು ನಳಿಕೆ ಇರುವ ಬೆನ್ನುಚೀಲ, ಹೆಜ್ಜೆ ಎಣಿಸುವ ಗಡಿಯಾರ ತಂದಿದ್ದಾನೆ. ಅವನ ಕಂಪನಿಯಲ್ಲಿ ಯಾರೋ ಹೇಳಿದ್ದಾರಂತೆ: ಹೊಸ ಆಲೋಚನೆ ಬೇಕಾದರೆ ಪ್ರಕೃತಿಯಲ್ಲಿ ನಡೆಯಬೇಕು. ಬಂದ ದಿನವೇ ಟೆರೇಸು ಹತ್ತಿ ನಾಲ್ಕೂ ದಿಕ್ಕು ನೋಡಿ ಕೆಳಗಿಳಿದು ಕೇಳಿದ: ‘ಮಾಮ, ಪ್ರಕೃತಿ ಯಾವ ಕಡೆ ಇದೆ?’

ಈ ಪ್ರಶ್ನೆ ಹೊಸದೇನಲ್ಲ. 17ನೇ ಶತಮಾನದಲ್ಲಿ ಬಿಜಾಪುರದವರ ಪರವಾಗಿ ಆದವಾನಿಯನ್ನು ಆಳಿದ ಸಿದ್ದಿ ಮಸೂದ್ ಖಾನನೂ ಹೆಚ್ಚುಕಡಿಮೆ ಇದನ್ನೇ ಕೇಳಿದ್ದನಂತೆ. ಭಕ್ತರು ಹೇಳುವ ಕತೆ ಎಲ್ಲರಿಗೂ ಗೊತ್ತಿದೆ. ರಾಘವೇಂದ್ರ ಸ್ವಾಮಿಗಳ ಮಹಿಮೆ ಕಂಡ ನವಾಬ ಯಾವ ಊರು ಬೇಕಾದರೂ ಕೇಳಿ ಎಂದ. ಸ್ವಾಮಿಗಳು ಮಂಚಾಲೆ ಕೇಳಿದರು. ನವಾಬನಿಗೆ ಸಂಕಟ. ಅದು ಒಣಭೂಮಿ, ಅಲ್ಲೇನಿದೆ, ಒಳ್ಳೆಯ ಫಲವತ್ತಾದ ಊರು ತಗೊಳ್ಳಿ ಎಂದು ಗೋಗರೆದ. ಸ್ವಾಮಿಗಳು ಜಗ್ಗಲಿಲ್ಲ. ಆ ಒಣಭೂಮಿಯಲ್ಲೇ 1671ರಲ್ಲಿ ಬೃಂದಾವನ ಪ್ರವೇಶ ಮಾಡಿದರು, ಮಂಚಾಲೆ ಮಂತ್ರಾಲಯವಾಯಿತು. ನವಾಬ ನೋಡಿದ್ದು ಕಂದಾಯದ ಲೆಕ್ಕ. ಸ್ವಾಮಿಗಳಿಗೆ ಅಲ್ಲೊಂದು ಕೆಲಸವಿತ್ತು. ಈ ವ್ಯತ್ಯಾಸವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ನನ್ನ ಹರಟೆಯ ಬಂಡವಾಳವೇ ಅದು.

ನನ್ನ ವಾದ ಇಷ್ಟೇ: ನಮ್ಮ ಬಿಸಿಲುನಾಡಿನಲ್ಲಿ ಚೆಲುವನ್ನೇ ಹುಡುಕಿಕೊಂಡು ಹೊರಟವನಿಗೆ ಸಿಗುವುದು ತಲೆನೋವು. ಬೇರೇನನ್ನೋ ಹುಡುಕಿಕೊಂಡು ಹೊರಟವನ ಕಾಲಿಗೆ ಚೆಲುವು ತಾನಾಗಿ ಎಡತಾಕುತ್ತದೆ. ದೇವರು, ಕುರಿ, ಬೇವಿನ ಬೀಜ, ವಜ್ರ, ಏನಾದರೂ ಸರಿ, ಒಂದು ಕೆಲಸ ಇರಬೇಕು. ಮಲೆನಾಡಿನಲ್ಲಿ ಕೆಲಸವಿಲ್ಲದವನೂ ರಸಿಕನಾಗಬಹುದು. ಅಲ್ಲಿನ ಹಸಿರು ಎಲ್ಲರಿಗೂ ಸಲಾಮು ಹೊಡೆಯುತ್ತದೆ. ನಮ್ಮ ನೆಲ ಹಾಗಲ್ಲ. ‘ಏನು ಬಂದಿರಿ?’ ಎಂದು ಮೊದಲು ವಿಚಾರಿಸುತ್ತದೆ.

ಹಾಗಾದರೆ ಬೆಳಗಿನ ವಾಕಿಂಗಿನವರ ಗತಿಯೇನು ಎಂದು ನೀವು ಕೇಳಬಹುದು. ಅವರಿಗೂ ಕೆಲಸವಿದೆ, ಸಕ್ಕರೆ ಇಳಿಸುವ ಕೆಲಸ. ಬೆಳಗಿನ ಐದಕ್ಕೆ ರಣಮಂಡಲ ಆಂಜನೇಯನ ಗುಡ್ಡದ ಕಡೆ ಹೋಗಿ ನೋಡಿ. ಬಿಳಿ ಬೂಟಿನ ಮೇಷ್ಟರು, ಮಂಕಿಕ್ಯಾಪಿನ ಹತ್ತಿ ವ್ಯಾಪಾರಿ (ಮೇ ತಿಂಗಳಲ್ಲಿ ಮಂಕಿಕ್ಯಾಪು ಯಾಕೆ ಎಂದು ಕೇಳಬಾರದು, ಅದು ಅವರ ಸಂಸಾರದ ವಿಷಯ), ನಿವೃತ್ತರಾದ ಮೇಲೂ ಫೈಲು ಹಿಡಿದಂತೆ ಕೈ ಮಡಚಿಕೊಂಡೇ ನಡೆಯುವ ಗುಮಾಸ್ತರು. ಆ ಹೊತ್ತಿಗೆ ಕರಿಬಂಡೆಗಳು ಹಿಂದಿನ ದಿನದ ಕಾವನ್ನೆಲ್ಲ ರಾತ್ರಿಯಿಡೀ ಉಗುಳಿ ಈಗಷ್ಟೇ ತಣ್ಣಗಾಗಿರುತ್ತವೆ. ಕೈಯಿಟ್ಟರೆ ಹಿತ. ಸಂಜೆ ಏಳಕ್ಕೆ ಅದೇ ಬಂಡೆಯ ಮೇಲೆ ಕೂತು ನೋಡಿ, ಯಾಕೆ ಬೆಳಗ್ಗೆ ಎಂದೆ ಅಂತ ತಿಳಿಯುತ್ತದೆ. ಎದುರಿಗೆ ಕೋಟೆಯ ಗುಡ್ಡಗಳು. ವಿಜಯನಗರದವರು, ಬಿಜಾಪುರದವರು, ಔರಂಗಜೇಬನ ಸೈನ್ಯ, ಬಸಾಲತ್ ಜಂಗ್ ಎಲ್ಲರೂ ಹಿಡಿದು ಬಿಟ್ಟ ಕೋಟೆ ಅದು. 1786ರಲ್ಲಿ ಟಿಪ್ಪುವೂ ಬಂದು ಮುತ್ತಿದ. ಇಷ್ಟು ಜನ ಇಷ್ಟು ಸೆಕೆಯಲ್ಲಿ ಇಷ್ಟು ಕಲ್ಲಿಗಾಗಿ ಬಡಿದಾಡಿದರು ಎಂದರೆ ಅಲ್ಲೇನೋ ಇದೆ ಎಂದೇ ಅರ್ಥ. ಕೆಳಗೆ ಮುಂಬಯಿ–ಮದ್ರಾಸು ರೈಲುದಾರಿ. 1871ರಲ್ಲಿ ರಾಯಚೂರಿನಲ್ಲಿ ಎರಡು ಕಡೆಯ ಹಳಿಗಳು ಕೂಡಿದಾಗಿನಿಂದ ಇಡೀ ದೇಶ ನಮ್ಮೂರಿನ ಮೇಲೆ ಹಾದುಹೋಗುತ್ತಿದೆ, ಕಿಟಕಿ ಮುಚ್ಚಿಕೊಂಡು.

ಇವರ ವಾಕಿಂಗು ಮುಗಿಯುವುದು ಗುಡ್ಡದ ಬುಡದಲ್ಲಿ ಅಲ್ಲ, ಉಗ್ಗಾಣಿ ಬಂಡಿಯ ಮುಂದೆ. ನೆನೆಸಿ ಹಿಂಡಿದ ಮಂಡಕ್ಕಿಗೆ ಈರುಳ್ಳಿ, ಹಸಿಮೆಣಸು, ಅರಿಶಿನದ ಒಗ್ಗರಣೆ, ಮೇಲೆ ಪುಟಾಣಿ ಪುಡಿ, ಪಕ್ಕದಲ್ಲಿ ಎರಡು ಮೆಣಸಿನಕಾಯಿ ಬಜ್ಜಿ. ಹತ್ತುವಾಗ ಇಳಿಸಿದ್ದನ್ನು ಇಳಿದ ಮೇಲೆ ಏರಿಸಿಕೊಂಡು ಸಮಸ್ಥಿತಿಯಲ್ಲಿ ಮನೆಗೆ ಹೋಗುತ್ತಾರೆ. ಬಂಡಿಯವನನ್ನು ಕೇಳಿದರೆ ಬೇಸಿಗೆಯ ವಾಕಿಂಗ್ ದೇಹಕ್ಕೆ ಬಹಳ ಒಳ್ಳೆಯದು ಎಂದು ಖಂಡಿತವಾಗಿ ಹೇಳುತ್ತಾನೆ.

ನಿಜವಾದ ನಡಿಗೆ ನೋಡಬೇಕೆಂದರೆ ಯುಗಾದಿಯ ಮುಂಚೆ ಬನ್ನಿ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯಿಂದ ಮಲ್ಲಯ್ಯನ ಪರಿಷೆ ನಮ್ಮ ರಸ್ತೆಗಳ ಮೇಲೆ ಹರಿದುಬರುತ್ತದೆ. ಹೆಗಲ ಮೇಲೆ ಕಂಬಿ, ತಲೆಗೆ ಟವೆಲು, ಕಾಲಿಗೆ ಕೆಲವರಿಗೆ ಚಪ್ಪಲಿ, ಕೆಲವರಿಗೆ ಅದೂ ಇಲ್ಲ. ಎಮ್ಮಿಗನೂರು, ಕರ್ನೂಲು, ಆತ್ಮಕೂರು ದಾಟಿ, ವೆಂಕಟಾಪುರದ ಹತ್ತಿರ ನಲ್ಲಮಲ ಹೊಕ್ಕು, ನಾಗಲೂಟಿ, ಪೆದ್ದಚೆರುವು, ಭೀಮನಕೊಳ್ಳ ಹತ್ತಿಳಿದು ಶ್ರೀಶೈಲ ಸೇರುವವರೆಗೆ ನಡಿಗೆಯೇ. ಕೆಲವರಂತೂ ಮರಗಾಲು ಕಟ್ಟಿಕೊಂಡು ನಡೆಯುತ್ತಾರೆ. ಸೂರ್ಯನಿಗೆ ಇನ್ನೊಂದು ನಾಲ್ಕಡಿ ಹತ್ತಿರವಾಗೋಣ ಎಂದು ಇರಬೇಕು. ಮಲ್ಲಯ್ಯನ ಮಡದಿ ಭ್ರಮರಾಂಬೆ ಅವರ ಮನೆಮಗಳು. ಹಬ್ಬಕ್ಕೆ ಮಗಳಿಗೆ ಸೀರೆ ಕೊಡಲು ತವರಿನವರು ಹೊರಟಿದ್ದಾರೆ, ಅಷ್ಟೇ. ಅಳಿಯದೇವರ ಮನೆ ಬೆಟ್ಟದ ಮೇಲಿದ್ದರೆ ಅವರೇನು ಮಾಡಿಯಾರು? ದಾರಿಯುದ್ದಕ್ಕೂ ನಮ್ಮ ಊರುಗಳವರು ಮಜ್ಜಿಗೆ, ಪಾನಕ, ಅನ್ನ, ಕಾಲಿಗೆ ಹಚ್ಚಲು ಎಣ್ಣೆ ಇಟ್ಟುಕೊಂಡು ಕಾಯುತ್ತಾರೆ. ಕೊಡುವವರದು ತೆಲುಗು, ಕುಡಿಯುವವರದು ಕನ್ನಡ. ಇಷ್ಟು ವರ್ಷದಲ್ಲಿ ಒಂದು ಲೋಟ ಮಜ್ಜಿಗೆಯೂ ಅದರಿಂದ ಕೆಟ್ಟಿಲ್ಲ.

ಒಂದು ಯುಗಾದಿಯಲ್ಲಿ ಇಂಥ ಅಜ್ಜನೊಬ್ಬನ ಪಕ್ಕ ಕೂತು, ಪತ್ರಿಕೆಯ ಲೇಖನ ಓದಿದ ಪ್ರಭಾವದಲ್ಲಿ, ‘ದಾರ್‍ಯಾಗ ಏನೇನು ಚಂದ ನೋಡಿದ್ರಿ ಅಜ್ಜಾರ?’ ಎಂದೆ. ಅಜ್ಜ ನನ್ನನ್ನು ಮೇಲಿಂದ ಕೆಳಗೆ ನೋಡಿದ.

‘ನೋಡಾಕ ಎಲ್ಲಿ ಪುರಸೊತ್ತೈತೋ ತಮ್ಮ? ಹಬ್ಬದೊಳಗ ಮಲ್ಲಯ್ಯನ ಮುಂದ ನಿಂತಿರಬೇಕು.’

ಹೀಗೆಂದವನು ಅಲ್ಲಿಗೆ ನಿಲ್ಲಿಸಲಿಲ್ಲ. ಹಿಂದಿನ ಊರಿನ ಹೊಂಗೆಮರ ಆಗಷ್ಟೇ ಚಿಗುರಿದೆ, ಅದರಡಿ ಮಲಗಿದರೆ ಏಳಲು ಮನಸ್ಸಾಗುವುದಿಲ್ಲ. ಮುಂದಿನ ತಿರುವಿನ ಬಾವಿ ನೀರು ಸವಳು, ಅದರಾಚೆಯದು ಕಲ್ಲುಸಕ್ಕರೆ. ಕಾಡು ಹೊಕ್ಕ ಮೇಲೆ ನಸುಕಿನಲ್ಲಿ ಇಪ್ಪೆಹೂವು ಉದುರಿ ದಾರಿಯೆಲ್ಲ ಘಮ್ಮೆನ್ನುತ್ತದೆ, ಆ ವಾಸನೆಗೆ ಕರಡಿ ಬರುತ್ತದೆ, ಹಾಡು ಹೇಳಿಕೊಂಡೇ ನಡೆಯಬೇಕು. ಬೆಳದಿಂಗಳಿದ್ದರೆ ರಾತ್ರಿ ನಡಿಗೆ, ಇಲ್ಲದಿದ್ದರೆ ಚುಕ್ಕಿ ನೋಡಿಕೊಂಡು ನಡಿಗೆ. ಅರ್ಧ ತಾಸು ಹೇಳಿದ. ಏನೂ ನೋಡದ ಮನುಷ್ಯ ಇಷ್ಟು ಹೇಳಿದರೆ, ನೋಡಲೆಂದೇ ಹೊರಟಿದ್ದರೆ ಎಷ್ಟು ಹೇಳುತ್ತಿದ್ದ? ನನಗೆ ಗೊತ್ತು: ಏನೂ ಹೇಳುತ್ತಿರಲಿಲ್ಲ. ಫೋಟೋ ತೋರಿಸುತ್ತಿದ್ದ.

ಅಳಿಯನ ಕತೆಗೆ ಬರೋಣ. ಅವನನ್ನು ಆಲೂರಿನ ಕಡೆಯ ಎರೆಹೊಲಕ್ಕೆ ಕರೆದುಕೊಂಡು ಹೋದೆ. ಹತ್ತಿ ಕಿತ್ತು, ಕಟ್ಟಿಗೆಯನ್ನೂ ಒಲೆಗೆ ಸಾಗಿಸಿ, ಹೊಲ ಬರಿದಾಗಿ ಮಲಗಿತ್ತು. ಕಣ್ಣು ಹರಿಯುವಷ್ಟು ದೂರ ಕಪ್ಪು, ಅದರ ತುಂಬ ಬಿರುಕು. ‘ಪಾಪ, ಭೂಮಿ ಎಷ್ಟು ನೊಂದಿದೆ ಮಾಮ’ ಎಂದು ಅವನು ಕಣ್ಣು ಒದ್ದೆ ಮಾಡಿಕೊಂಡ. ಅಲ್ಲೇ ಕುರಿ ಮೇಯಿಸುತ್ತಿದ್ದವನಿಗೆ ಇದು ಕೇಳಿಸಿತು. ಆ ಉರಿಯಲ್ಲೂ ಹೆಗಲ ಮೇಲೆ ಉಣ್ಣೆಯ ಕಂಬಳಿ ಹಾಕಿಕೊಂಡಿದ್ದ ಮಹಾನುಭಾವ.

‘ಏನ್ ಸಾಮಿ, ಏನಾರ ಕಳಕಂಡೀರೇನು?’

‘ಇಲ್ಲಪ್ಪ, ಸುಮ್ಮನೆ ನಡೆಯೋಕೆ ಬಂದ್ವಿ.’

‘ಸುಮ್ನಾ? ಈ ಬಿಸಿಲಾಗ? ಮನ್ಯಾಗ ಜಗಳೇನು?’

ಅಳಿಯ ಭೂಮಿಯ ನೋವಿನ ವಿಷಯ ಎತ್ತಿದ. ಕುರುಬ ನಕ್ಕುಬಿಟ್ಟ. ಬಿರಿಯದ ಎರೆಹೊಲ ಎಂಥ ಹೊಲ ಸಾಮಿ ಎಂದ. ಅವನು ಹೇಳಿದ್ದರಲ್ಲಿ ಮಣ್ಣುವಿಜ್ಞಾನಿಗಳ ತಕರಾರೂ ಇಲ್ಲ. ಎರೆಮಣ್ಣಿನ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಕುಗ್ಗಿ ಬಿರಿದಾಗ ಮೇಲಿನ ಮಣ್ಣು, ಕುರಿಹಿಕ್ಕೆ, ಒಣ ಎಲೆ ಎಲ್ಲ ಆ ಬಿರುಕಿನೊಳಗೆ ಇಳಿಯುತ್ತವೆ. ಮಳೆ ಬಂದಾಗ ಬಿರುಕು ಮುಚ್ಚಿಕೊಳ್ಳುತ್ತದೆ, ಕೆಳಗಿನ ಮಣ್ಣು ಒತ್ತಿ ಮೇಲೆ ಬರುತ್ತದೆ. ಯಾರ ಎತ್ತನ್ನೂ ಕೇಳದೆ ಹೊಲ ತನ್ನನ್ನು ತಾನೇ ಉತ್ತುಕೊಳ್ಳುತ್ತದೆ. ಅದಕ್ಕೇ ರೈತರು ಬೇಸಿಗೆಯಲ್ಲಿ ಕುರಿಮಂದೆಯನ್ನು ಹೊಲದಲ್ಲಿ ರಾತ್ರಿ ನಿಲ್ಲಿಸಿಕೊಳ್ಳುತ್ತಾರೆ, ಅದಕ್ಕೆ ಕಾಳೋ ಕಾಸೋ ಕೊಡುತ್ತಾರೆ. ಅಳಿಯ ಕಣ್ಣೊರೆಸಿಕೊಂಡು ಬಿರುಕಿನ ಆಳ ಅಳೆಯಲು ತನ್ನ ನಡಿಗೆಕೋಲು ಇಳಿಬಿಟ್ಟ. ಕೋಲು ಮೊಳಗಟ್ಟಲೆ ಒಳಗೆ ಹೋಯಿತು. ‘ಚೇಳು ಹಿಡಕಂಡ್ರೆ ಬಿಡ್ರಿ, ಎಳೀಬ್ಯಾಡ್ರಿ’ ಎಂದು ಕುರುಬ ತಣ್ಣಗೆ ಹೇಳಿದ. ಅಳಿಯ ಹಿಂದಕ್ಕೆ ಹಾರಿದ ವೇಗವನ್ನು ಅವನ ಗಡಿಯಾರ ಓಟ ಎಂದು ದಾಖಲಿಸಿಕೊಂಡಿತು.

ಅವನು ಹಾರಿದ ಕಡೆಯೇ ಟಿಟ್ಟಿಭ ಒಂದು ಬೊಬ್ಬೆ ಹಾಕುತ್ತ ಎದ್ದಿತು. ನಮ್ಮ ಸುತ್ತ ಸುತ್ತಿ ಸುತ್ತಿ ಬೈಯತೊಡಗಿತು. ಕುರುಬ ನಮ್ಮನ್ನು ಅಲ್ಲೇ ನಿಲ್ಲಿಸಿ ಕಾಲಿನ ಮುಂದೆ ಬೊಟ್ಟು ಮಾಡಿದ. ಏನೂ ಕಾಣಲಿಲ್ಲ. ಮತ್ತೆ ಬೊಟ್ಟು ಮಾಡಿದ. ಬೆಣಚುಕಲ್ಲುಗಳ ನಡುವೆ ಮೊಟ್ಟೆಗಳಿದ್ದವು. ಗೂಡಿಲ್ಲ, ಹುಲ್ಲಿಲ್ಲ, ಬರೀ ನೆಲ, ಅದರದ್ದೇ ಬಣ್ಣ, ಅದರದ್ದೇ ಮಚ್ಚೆ. ಹಕ್ಕಿಗಳಲ್ಲಿ ಮೊಟ್ಟೆಗೆ ಕಾವು ಕೊಡುವುದು ವಾಡಿಕೆ. ನಮ್ಮ ಟಿಟ್ಟಿಭಕ್ಕೆ ಮೊಟ್ಟೆ ಬೇಯದ ಹಾಗೆ ನೋಡಿಕೊಳ್ಳುವುದೇ ಕೆಲಸ. ನೀರಿದ್ದಲ್ಲಿಗೆ ಹೋಗಿ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆಯ ಮೇಲೆ ಕೂರುತ್ತದೆ. ಕಂಪನಿಯಲ್ಲಿ ಹೇಳಿದ ಹೊಸ ಆಲೋಚನೆ ಎಂದರೆ ಇಂಥದ್ದೇ ಇರಬೇಕು ಎಂದೆ. ಅಳಿಯ ಫೋನು ತೆಗೆದು ಚಿತ್ರ ಹಿಡಿದ. ಮನೆಗೆ ಬಂದು ನೋಡಿದರೆ ಚಿತ್ರದಲ್ಲಿ ಬೆಣಚುಕಲ್ಲಷ್ಟೇ ಕಂಡವು. ಮೊಟ್ಟೆ ತನ್ನ ಕೆಲಸವನ್ನು ಅಷ್ಟು ಚೆನ್ನಾಗಿ ಮಾಡಿತ್ತು.

ಅಲ್ಲಿಂದ ಮುಂದೆ ಆಸ್ಪರಿ ಕಡೆ ತಿರುಗಿದರೆ ಕೃಷ್ಣಮೃಗಗಳ ಹಿಂಡು. ಸಫಾರಿ ಜೀಪಿಲ್ಲ, ಟಿಕೆಟ್ಟಿಲ್ಲ, ಬೇಲಿಯಿಲ್ಲ. ಕಪ್ಪುಹೊಲದ ಅಂಚಿನಲ್ಲಿ ಸುರುಳಿ ಕೊಂಬಿನ ಹೋತ, ಸುತ್ತ ಕಂದು ಹೆಣ್ಣುಗಳು. ಬಿಸಿಲ್ಗುದುರೆ ಕುಣಿಯುವ ಹೊತ್ತಿನಲ್ಲಿ ನೋಡಿದರೆ ಅವುಗಳ ಕಾಲು ನೆಲಕ್ಕೆ ತಾಗಿದ ಹಾಗೇ ಕಾಣುವುದಿಲ್ಲ. ಅಳಿಯ ಉಸಿರು ಬಿಗಿಹಿಡಿದ. ಪಕ್ಕದಲ್ಲಿದ್ದ ರೈತನೂ ಉಸಿರು ಬಿಗಿಹಿಡಿದ, ಆದರೆ ಬೇರೆ ಕಾರಣಕ್ಕೆ. ಬಿತ್ತಿದ ಮೇಲೆ ಶೇಂಗಾ, ಹತ್ತಿಯ ಎಳೆಮೊಳಕೆಗಳನ್ನು ಇದೇ ಹಿಂಡು ರಾತ್ರೋರಾತ್ರಿ ಮುಗಿಸುತ್ತದೆ. 2018ರಲ್ಲಿ ಸರ್ಕಾರ ಕೃಷ್ಣಮೃಗವನ್ನು ಆಂಧ್ರದ ರಾಜ್ಯಪ್ರಾಣಿ ಎಂದು ಘೋಷಿಸಿದೆ. ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲೂ ಅದಿದೆ, ಮುಟ್ಟುವಂತಿಲ್ಲ. ಚೆಲುವು ನೋಡಿದವನು ಬೆಂಗಳೂರಿಗೆ ಹೋಗುತ್ತಾನೆ, ಅದರ ಬಿಲ್ಲು ಮಾತ್ರ ಹೊಲದವನ ಹೆಸರಿಗೆ ಬರುತ್ತದೆ. ‘ಚಂದ ಐತಲ್ಲ?’ ಎಂದು ರೈತನೇ ಕೇಳಿದ. ಹೌದು ಎಂದೆವು. ‘ನಮ್ಮ ಶೇಂಗಾ ತಿಂದು ಹಂಗಾಗೈತಿ’ ಎಂದ.

ಅದೇ 2018ರಲ್ಲಿ ಬೇವು ರಾಜ್ಯವೃಕ್ಷವಾಯಿತು. ನಮ್ಮಲ್ಲಿ ಅದಕ್ಕೆ ಪಟ್ಟಾಭಿಷೇಕದ ಅಗತ್ಯವೇ ಇರಲಿಲ್ಲ. ಏಪ್ರಿಲ್ಲಿನಲ್ಲಿ ಬೇವು ಹೂಬಿಟ್ಟಾಗ ಇಡೀ ಊರೇ ಅದರ ಪರಿಮಳದಲ್ಲಿ ಮಲಗುತ್ತದೆ. ಅದಕ್ಕೆ ಪೈಪೋಟಿಯಾಗಿ ಬಳ್ಳಾರಿ ಜಾಲಿ ನಿಂತಿದೆ. ಅದು ಅಮೆರಿಕ ಖಂಡದ ಗಿಡ, 19ನೇ ಶತಮಾನದ ಕೊನೆಗೆ ಇಲ್ಲಿಗೆ ಬಂತು. ಕನ್ನಡಿಗರು ಅದನ್ನು ಬಳ್ಳಾರಿಯ ಮೇಲೆ ಹೊರಿಸಿದರು, ತೆಲುಗರು ಸರ್ಕಾರದ ಮೇಲೆ ಹೊರಿಸಿ ‘ಸರ್ಕಾರು ತುಮ್ಮ’ ಎಂದರು. ಯಾರೂ ಬೇಡ ಎಂದರೂ ಬೆಳೆಯುತ್ತದೆ, ಎಲ್ಲರ ಒಲೆಗೂ ಉರಿಯುತ್ತದೆ. ಮೇ ತಿಂಗಳಲ್ಲಿ ಎಲ್ಲ ಒಣಗಿದಾಗ ಹಸಿರು ಬೇಕು ಎಂದು ಹಟ ಹಿಡಿದವರಿಗೆ ತೋರಿಸಲು ಇರುವುದು ಅದೊಂದೇ. ಅಳಿಯ ಅದರ ಪಕ್ಕ ನಿಂತು ಚಿತ್ರ ತೆಗೆಸಿಕೊಂಡ. ಅಂಗಿ ಬಿಡಿಸಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು.

ಜೂನಿನಲ್ಲಿ ಬೇವಿನ ಹಣ್ಣು ಉದುರುವಾಗ ನಸುಕಿಗೇ ಮುದುಕಿಯರು ಪೊರಕೆ, ಮೊರ ಹಿಡಿದು ಹೊರಡುತ್ತಾರೆ. ಗುಡಿಸಿ, ತೊಳೆದು, ಒಣಗಿಸಿ ಬೀಜ ಮಾರುತ್ತಾರೆ. 2015ರಿಂದ ದೇಶದಲ್ಲಿ ತಯಾರಾಗುವ ಯೂರಿಯಾಕ್ಕೆಲ್ಲ ಬೇವಿನೆಣ್ಣೆ ಸವರುವುದು ಕಡ್ಡಾಯವಾದ ಮೇಲೆ ಆ ಬೀಜಕ್ಕೆ ಕಿಮ್ಮತ್ತು ಬಂದಿದೆ. ಆ ಮುದುಕಿಯರ ಹಾಗೆ ಮರಗಳನ್ನು ಬಲ್ಲವರಿಲ್ಲ. ಯಾವ ಮರದ ನೆರಳು ಎಷ್ಟು ಗಂಟೆಗೆ ಎಲ್ಲಿಗೆ ಸರಿಯುತ್ತದೆ, ಯಾವುದರಲ್ಲಿ ಗಿಳಿ ಹೆಚ್ಚು, ಯಾವುದರಡಿ ಇರುವೆ ಹೆಚ್ಚು, ಎಲ್ಲ ಬಾಯಿಪಾಠ. ಅಳಿಯ ಒಬ್ಬಾಕೆಗೆ ‘ಅಜ್ಜಿ, ದಿನಾ ಇಷ್ಟು ಚೆಂದದ ಜಾಗದಲ್ಲಿ ಓಡಾಡ್ತೀರಿ, ಪುಣ್ಯವಂತರು’ ಎಂದ. ಆಕೆ ಮೊರ ಅವನ ಕೈಗಿಟ್ಟು, ‘ನೀನೂ ಸ್ವಲ್ಪ ಪುಣ್ಯ ಕಟ್ಕಾ ಮಗಾ’ ಎಂದು ಸೊಂಟ ನೆಟ್ಟಗೆ ಮಾಡಿ ಕೂತಳು.

ಎಲ್ಲ ನಡಿಗೆಯೂ ನಗುವ ನಡಿಗೆಯಲ್ಲ, ಅದನ್ನೂ ಹೇಳಿಬಿಡಬೇಕು. ಕೋಸಿಗಿ, ಕೌತಾಳಂ, ಪೆದ್ದಕಡಬೂರಿನ ಹಳ್ಳಿಗಳಲ್ಲಿ ಹೊಲದ ಕೆಲಸ ಮುಗಿಯುತ್ತಲೇ ಮನೆಗಳಿಗೆ ಬೀಗ ಬೀಳುತ್ತದೆ. ಗಂಡ, ಹೆಂಡತಿ, ಶಾಲೆಗೆ ಹೋಗಬೇಕಾದ ಮಗು, ಎಲ್ಲ ಮೂಟೆ ಹೊತ್ತು ಗುಂಟೂರಿಗೆ ಮೆಣಸಿನಕಾಯಿ ಬಿಡಿಸಲು, ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೊರಡುತ್ತಾರೆ. ತುಂಗಭದ್ರೆ ಮಗ್ಗುಲಲ್ಲೇ ಹರಿದರೂ, ಕೆಳದಂಡೆ ಕಾಲುವೆ ಊರ ಪಕ್ಕವೇ ಹೋದರೂ, ಬೇಸಿಗೆಯಲ್ಲಿ ಕಾಲುವೆಯೊಳಗೆ ಹುಡುಗರು ಕ್ರಿಕೆಟ್ ಆಡುತ್ತಿರುತ್ತಾರೆ. ಆ ಮೂಟೆ ಹೊತ್ತವರನ್ನು ನಿಲ್ಲಿಸಿ ಬಿಸಿಲ ಚೆಲುವಿನ ಬಗ್ಗೆ ಕೇಳುವ ಧೈರ್ಯ ನನಗಿಲ್ಲ. ಕೆಲಸ ಇರಬೇಕು ಎಂದೆನಲ್ಲ, ಅದು ಊರಲ್ಲೇ ಇರಬೇಕು ಎಂದೂ ಸೇರಿಸಿಕೊಳ್ಳಿ.

ನಮ್ಮ ಜಿಲ್ಲೆಯ ನಡಿಗೆಗಳ ಮಹಾರಾಜ ಇನ್ನೂ ಬಾಕಿಯಿದ್ದಾನೆ. ಮುಂಗಾರಿನ ಮೊದಲ ಗುಡುಗುಮಳೆ ಬಿದ್ದ ಮರುದಿನ ತುಗ್ಗಲಿ, ಜೊನ್ನಗಿರಿ, ಪಗಿಡಿರಾಯಿ, ಮದ್ದಿಕೆರ ಕಡೆಗೆ ಹೋಗಿ. ಕೆಂಪು ಹೊಲಗಳಲ್ಲಿ ನೂರಾರು ಜನ ತಲೆ ತಗ್ಗಿಸಿಕೊಂಡು, ಒಬ್ಬರಿಗೊಬ್ಬರು ಮಾತಾಡದೆ, ಹೆಜ್ಜೆ ಮೇಲೆ ಹೆಜ್ಜೆ ಇಡುತ್ತಿರುತ್ತಾರೆ. ಹೊಸಬರು ನೋಡಿದರೆ ಯಾವುದೋ ಧ್ಯಾನಶಿಬಿರ ಎಂದುಕೊಳ್ಳಬೇಕು. ಅವರು ಹುಡುಕುತ್ತಿರುವುದು ವಜ್ರ! ಸುಮಾರು 110 ಕೋಟಿ ವರ್ಷಗಳ ಹಿಂದೆ ವಜ್ರಕರೂರಿನ ಸುತ್ತ ಭೂಮಿಯ ಆಳದಿಂದ ಕಿಂಬರ್ಲೈಟ್ ಎಂಬ ಶಿಲೆ ವಜ್ರವನ್ನು ಹೊತ್ತು ಮೇಲೆ ನುಗ್ಗಿತು. ಕಾಲಾಂತರದಲ್ಲಿ ಅದು ಸವೆದು, ಹರಳುಗಳು ಜಲ್ಲಿಮಣ್ಣಿನಲ್ಲಿ ಚದುರಿದವು. ಮಳೆ ಮೇಲಿನ ಮಣ್ಣು ತೊಳೆದಾಗ, ಓರೆಬಿಸಿಲಿಗೆ ಎಲ್ಲೋ ಒಂದು ಮಿಂಚುತ್ತದೆ. ಬಳ್ಳಾರಿಯಿಂದಲೂ ಜನ ಬುತ್ತಿ ಕಟ್ಟಿಕೊಂಡು ಬಂದು ಮರದಡಿ, ಗುಡಿಯ ಜಗುಲಿಯಲ್ಲಿ ಮಲಗಿ ಹುಡುಕುತ್ತಾರೆ. ಹೊಲದ ಯಜಮಾನರು ಬಿತ್ತಿದ್ದನ್ನು ತುಳಿಯಬೇಡಿ ಎಂದು ಬೈಯುತ್ತಾರೆ, ಬೈಯುತ್ತಲೇ ತಾವೂ ನೆಲ ನೋಡುತ್ತಾರೆ. ಸಿಕ್ಕವರು ಗುಟ್ಟಾಗಿ ವ್ಯಾಪಾರಿಗೆ ಮಾರುತ್ತಾರೆ. ಸಿಗದವರು ಸಿಕ್ಕವರ ಕತೆ ಮಾರುತ್ತಾರೆ.

ಸಿಗದವರೇ ಹೆಚ್ಚು. ಆದರೆ ಅವರ ಜೊತೆ ಬಸ್ಸಿನಲ್ಲಿ ಕೂತು ಮಾತಾಡಿ ನೋಡಿ. ಮಳೆ ಬಿದ್ದ ಬೆಳಿಗ್ಗೆ ಮಣ್ಣಿನಿಂದೆದ್ದು ಬರುವ ಆರುದ್ರ ಪುರುಗು, ಅದೇ ಕೆಂಪು ಮಖಮಲ್ಲಿನ ಹುಳು, ಅಂಗೈ ಮೇಲೆ ಹೇಗೆ ಮುದುಡಿಕೊಳ್ಳುತ್ತದೆ. ಬೆಣಚುಕಲ್ಲಿನ ಹೊಳಪಿಗೂ ಗಾಜಿನ ಚೂರಿನ ಹೊಳಪಿಗೂ ಏನು ವ್ಯತ್ಯಾಸ. ಮೊದಲ ಮಳೆಗೆ ಕೆಮ್ಮಣ್ಣು ಯಾವ ಬಣ್ಣಕ್ಕೆ, ಎರಡನೇ ಮಳೆಗೆ ಯಾವ ಬಣ್ಣಕ್ಕೆ ತಿರುಗುತ್ತದೆ. ಒಂದು ಮೊಳ ನೆಲವನ್ನು ಇಷ್ಟು ಶ್ರದ್ಧೆಯಿಂದ ನೋಡಿದ ಕವಿಯನ್ನು ನನಗೆ ತೋರಿಸಿ. ತೋರಿಸಲಾಗದು, ಏಕೆಂದರೆ ಆತ ಆಕಾಶ ನೋಡುತ್ತಿರುತ್ತಾನೆ.

ಇದೇ ಸೀಮೆಯಲ್ಲಿ, ಗುತ್ತಿಯಿಂದ ಪತ್ತಿಕೊಂಡಕ್ಕೆ ಹೋಗುವ ದಾರಿಯ ಎರ್ರಗುಡಿಯಲ್ಲಿ ಅಶೋಕನ ಶಾಸನಗಳಿವೆ. 1929ರಲ್ಲಿ ಅವನ್ನು ಕಂಡವರು ಇತಿಹಾಸಕಾರರಲ್ಲ, ಅನು ಘೋಷ್ ಎಂಬ ಭೂವಿಜ್ಞಾನಿ. ಕಲ್ಲು ನೋಡಲು ಹೋದವರಿಗೆ ಅಕ್ಷರ ಸಿಕ್ಕಿತು. ತುಂಗಭದ್ರೆಯ ಆಚೆ ಮಸ್ಕಿಯಲ್ಲಿ 1915ರಲ್ಲಿ ಅಶೋಕನ ಹೆಸರಿರುವ ಶಾಸನವನ್ನು ಕಂಡ ಬೀಡನ್ ಕೂಡ ಚಿನ್ನದ ಗಣಿಯ ಎಂಜಿನಿಯರು. ನನ್ನ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ? ಅಶೋಕನನ್ನೇ ಹುಡುಕಿಕೊಂಡು ಹೊರಟಿದ್ದರೆ ಇಬ್ಬರೂ ಬಿಸಿಲಿಗೆ ಬೇಸತ್ತು ಡಾಕ್ ಬಂಗಲೆ ಸೇರುತ್ತಿದ್ದರು.

ಎರ್ರಗುಡಿಯ ಒಂದು ಶಾಸನದಲ್ಲಿ ಕೆಲವು ಸಾಲು ಎಡದಿಂದ ಬಲಕ್ಕೆ, ಮತ್ತೆ ಕೆಲವು ಬಲದಿಂದ ಎಡಕ್ಕೆ ಹೋಗುತ್ತವೆ. ವಿದ್ವಾಂಸರು ಇದನ್ನು ಎತ್ತು ಹೊಲ ಉಳುವ ಕ್ರಮಕ್ಕೆ ಹೋಲಿಸುತ್ತಾರೆ. ಕೆತ್ತಿದವನು ರೋಹಿಣಿ ಕಾರ್ತೆಯಲ್ಲಿ ಕೆಲಸ ಮಾಡಿರಬೇಕು, ತಲೆ ತಿರುಗಿದ ಕಡೆ ಸಾಲು ತಿರುಗಿದೆ ಎಂಬುದು ನನ್ನ ಸಂಶೋಧನೆ. ಯಾವ ವಿಶ್ವವಿದ್ಯಾಲಯವೂ ಇನ್ನೂ ಪ್ರಕಟಿಸಿಲ್ಲ. ಅಲ್ಲಿಯ ದೊಡ್ಡ ಶಾಸನಗಳಲ್ಲಿ ಎರಡನೆಯದು, ದಾರಿಗಳಲ್ಲಿ ಮನುಷ್ಯರಿಗೂ ಪ್ರಾಣಿಗಳಿಗೂ ಎಂದು ಬಾವಿ ತೋಡಿಸಿ ಮರ ನೆಡಿಸಿದ ವಿಷಯ ಹೇಳುತ್ತದೆ. ಸಾಮ್ರಾಟನಿಗೆ ನಮ್ಮ ಸೀಮೆಯ ಬೇಸಿಗೆ ಚೆನ್ನಾಗಿ ಗೊತ್ತಿತ್ತು. ನಡೆಯುವವನಿಗೆ ಉಪದೇಶಕ್ಕಿಂತ ಮೊದಲು ನೆರಳು, ನೀರು ಬೇಕು ಎಂದು ಅರಿತ ದೊರೆ ಅವನು. ರಸ್ತೆ ಅಗಲ ಮಾಡಲು ಸಾಲುಮರ ಕಡಿಯುವವರು ಆಗೊಮ್ಮೆ ಈಗೊಮ್ಮೆ ಎರ್ರಗುಡಿಗೆ ಹೋಗಿ ಬರುವುದು ಒಳ್ಳೆಯದು. ಬ್ರಾಹ್ಮಿ ಲಿಪಿ ಬಾರದಿದ್ದರೂ ಪರವಾಗಿಲ್ಲ, ಅಲ್ಲಿಯ ಬಂಡೆಯ ಮೇಲೆ ಬರಿಗಾಲಲ್ಲಿ ನಿಂತರೆ ಅರ್ಥವಾಗುತ್ತದೆ.

ಇಷ್ಟೆಲ್ಲ ತೋರಿಸಿದ ಮೇಲೆ ಅಳಿಯನನ್ನು ಕೇಳಿದೆ, ಹೊಸ ಆಲೋಚನೆ ಏನಾದರೂ ಬಂತೇನಪ್ಪ ಎಂದು. ‘ಬಂತು ಮಾಮ. ಮುಂದಿನ ವರ್ಷ ಡಿಸೆಂಬರಿನಲ್ಲಿ ಬರೋಣ ಅಂತ’ ಎಂದ. ಬರಲಿ, ಬೇಡ ಎನ್ನುವುದಿಲ್ಲ. ಆದರೆ ಡಿಸೆಂಬರಿನಲ್ಲಿ ಟಿಟ್ಟಿಭದ ಮೊಟ್ಟೆ ಇರುವುದಿಲ್ಲ, ಎರೆ ಹೀಗೆ ಬಾಯಿಬಿಟ್ಟಿರುವುದಿಲ್ಲ, ಬೇವಿನ ಘಮ ಇರುವುದಿಲ್ಲ, ಮಲ್ಲಯ್ಯನ ಪರಿಷೆ ಇರುವುದಿಲ್ಲ. ಹಿತವಾದ ಚಳಿ ಮಾತ್ರ ಇರುತ್ತದೆ, ಅದು ಬೆಂಗಳೂರಿನಲ್ಲೂ ಸಿಗುತ್ತದೆ.

ನೀವು ಮಾತ್ರ ಬೇಸಿಗೆಯಲ್ಲೇ ಬನ್ನಿ. ತಲೆಗೆ ಟವೆಲು, ಕೈಯಲ್ಲಿ ನೀರಿನ ಚೊಂಬು, ಮನಸ್ಸಿನಲ್ಲಿ ಯಾವುದಾದರೂ ಒಂದು ಕೆಲಸ ಇಟ್ಟುಕೊಂಡು ಬೆಳಗಿನ ಐದಕ್ಕೆ ಹೊರಡಿ, ಎಂಟಕ್ಕೆ ಮನೆ ಸೇರಿ. ಹುಡುಕುವುದಕ್ಕೆ ಏನೂ ತೋಚದಿದ್ದರೆ ನೇರ ನಮ್ಮ ಮನೆಗೆ ಬನ್ನಿ. ಊರಾಚೆಯ ಹೊಲದಲ್ಲಿ ಬಡಿದ ಹುಣಸೆಹಣ್ಣು ಇನ್ನೂ ಮರದಡಿಯೇ ಬಿದ್ದಿದೆ. ನಡೆದು ಹೋಗಿ ಹೊತ್ತು ತರಬೇಕು, ಜಗುಲಿಯ ಮೇಲೆ ಕೂತು ಕುಟ್ಟಿ ಬೀಜ ಬಿಡಿಸಬೇಕು. ದಾರಿಯಲ್ಲಿ ಏನೇನು ಕಂಡಿರಿ ಎಂದು ಆಮೇಲೆ ಕೇಳುತ್ತೇನೆ. ಕೂಲಿ ಒಂದು ತಟ್ಟೆ ಉಗ್ಗಾಣಿ. ಬಜ್ಜಿಯೂ ಬೇಕೆಂದರೆ ಇನ್ನೊಂದು ಚೀಲ ಹೊತ್ತು ತರಬೇಕಾಗುತ್ತದೆ, ಮೊದಲೇ ಹೇಳಿದ್ದೇನೆ.